ಡೇರೆ ನಿಂತಿದ್ದ ಬಯಲು

2024ರ ಅಕ್ಟೋಬರ್ 8ರ ಸಂಜೆ ನಾವು ಮನೆಮಂದಿಯೊಡನೆ ದೂರದರ್ಶನದ ಮುಂದೆ ಕುಳಿತಿದ್ದೆವು. ದೆಹಲಿಯ ವಿಜ್ಞಾನ ಭವನದಲ್ಲಿ 70ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪ್ರದಾನ ಸಮಾರಂಭ. ‘ಕಾಂತಾರ’ದ ಅಭಿನಯಕ್ಕಾಗಿ ರಿಷಬ್ ಶೆಟ್ಟಿಯವರು ರಾಷ್ಟ್ರಪತಿಗಳ ಕೈಯಿಂದ ಶ್ರೇಷ್ಠ ನಟ ಪ್ರಶಸ್ತಿಯನ್ನು ಪಡೆದಾಗ, ಎಂಬತ್ತು ದಾಟಿದ ನಮ್ಮ ತಾಯಿಯವರು ಸುತ್ತಲೂ ನೋಡಿ, “ಇದನ್ನು ನೋಡಲಿಕ್ಕೆ ಇಷ್ಟೇ ಜನವಾ?” ಎಂದರು. ಕೋಣೆಯಲ್ಲಿದ್ದವರು ನಾಲ್ವರು.

ಆ ಮಾತೇ ಮುಂದಿನ ಭಾನುವಾರ ನಮ್ಮನ್ನು ಊರಿನ ಬಯಲಿಗೆ ಕರೆದೊಯ್ದಿತು. ಕಾಸರಗೋಡು ಪೇಟೆಯ ಪೂರ್ವಕ್ಕೆ, ಗುಡ್ಡಗಳ ನಡುವಣ ಗದ್ದೆ ಅದು. 1970ರ ದಶಕದ ಕೊನೆಯಲ್ಲಿ, ನಾವು ಬಾಲಕರಾಗಿದ್ದಾಗ, ಸುಗ್ಗಿ ಬೆಳೆಯ ಕೊಯ್ಲು ಮುಗಿದೊಡನೆ ಅಲ್ಲಿ ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಮಲಯಾಳ ಚಿತ್ರಗಳೇ ಹೆಚ್ಚು. ಕನ್ನಡ ಚಿತ್ರ ಬಂದಿತೆಂದರೆ ಹಬ್ಬ. 1974ರ ‘ಭಕ್ತ ಕುಂಬಾರ’ ನಮ್ಮ ಬಯಲನ್ನು ತಲುಪುವಾಗ ಐದು ವರ್ಷ ಕಳೆದಿತ್ತು. ಗೀರುಬಿದ್ದ ರೀಲು ಪದೇ ಪದೇ ಕಡಿಯುತ್ತಿತ್ತು. ಆದರೆ ಯಾರಿಗೂ ಬೇಸರವಿಲ್ಲ. ದೀಪ ಹತ್ತಿದೊಡನೆ ಹೊಯಿಗೆಯ ಮೇಲೆ ಹಾಸಿದ ಚಾಪೆಯಿಂದ ಚಾಪೆಗೆ ಸುದ್ದಿ ಹರಿಯುತ್ತಿತ್ತು: ಯಾರ ಮಗಳಿಗೆ ಸಂಬಂಧ ಕೂಡಿತು, ಯಾರ ತೋಟಕ್ಕೆ ಕೊಳೆರೋಗ ತಗಲಿತು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವವರೆಲ್ಲ ಅಲ್ಲಿ ಕನ್ನಡದಲ್ಲಿ ಅತ್ತು ಕನ್ನಡದಲ್ಲಿ ನಗುತ್ತಿದ್ದರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದವರೆಂಬುದು ಆ ಮೂರು ಗಂಟೆ ಮರೆತಿರುತ್ತಿತ್ತು. ಮರಳುವಾಗ ಸೂಟೆಯ ಬೆಳಕಿನ ಸಾಲು ಒಂದೊಂದು ಕವಲಿನಲ್ಲಿ ಒಂದೊಂದು ಮನೆಯತ್ತ ತಿರುಗುತ್ತಿತ್ತು.

ಈಗ ಆ ಗದ್ದೆ ಅಡಿಕೆ ತೋಟವಾಗಿದೆ. ಡೇರೆಯ ನಡುಗಂಬ ಎಲ್ಲಿತ್ತೆಂದು ನಮಗೆ ಗುರುತು ಹತ್ತಲಿಲ್ಲ.

ಅಲ್ಲಿ ನಿಂತಾಗ ರಿಷಬ್ ಶೆಟ್ಟಿಯವರೇ ನಿರ್ದೇಶಿಸಿದ 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ನೆನಪಾಯಿತು. ಮುಚ್ಚುವ ಭೀತಿಯಲ್ಲಿರುವ ಕನ್ನಡ ಶಾಲೆಯ ಕಥೆಯದು. ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಅದಕ್ಕೆ ಬಂದಿತ್ತು. ಅದನ್ನು ತೋರಿಸಲು ನಾವು ಮಕ್ಕಳನ್ನು ರೈಲಿನಲ್ಲಿ ಮಂಗಳೂರಿಗೆ ಕರೆದೊಯ್ದಿದ್ದೆವು. ಮರಳುವಾಗ ಹುಡುಗಿಯೊಬ್ಬಳು, “ಮಾಷ್ಟ್ರೇ, ನಮ್ಮ ಶಾಲೆಯನ್ನೂ ಮುಚ್ಚುತ್ತಾರಾ?” ಎಂದು ಕೇಳಿದಳು. ನಾವು ಕಿಟಕಿಯತ್ತ ತಿರುಗಿ, ಸೇತುವೆ ಬಂತು ನೋಡು ಎಂದೆವು. ಪ್ರಶಸ್ತಿ ಸಮಾರಂಭದ ವರ್ಷ ನಮ್ಮ ಒಂದನೆಯ ತರಗತಿಗೆ ಸೇರಿದವರು ಆರೇ ಮಂದಿ.

ಡೇರೆಯನ್ನು ಕಿತ್ತವರು ಯಾರೂ ಅಲ್ಲ. ನಾವು ಹೋಗುವುದನ್ನು ಬಿಟ್ಟೆವು, ಅದು ಏಳುವುದನ್ನು ಬಿಟ್ಟಿತು. ಶಾಲೆಗೂ ಹಾಗಾಗಬಾರದೆಂದು ಆ ಡಿಸೆಂಬರಿನ ಒಂದು ಶನಿವಾರ ಶಾಲೆಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಆ ಚಿತ್ರವನ್ನೇ ತೋರಿಸಿದೆವು. ತಾಯಿಯವರು ಚಾಪೆಯೊಡನೆ ಎಲ್ಲರಿಗಿಂತ ಮೊದಲೇ ಬಂದಿದ್ದರು. ಚಿತ್ರ ಮುಗಿದ ಮೇಲೂ ಅರ್ಧ ಗಂಟೆ ಯಾರೂ ಏಳಲಿಲ್ಲ. ಚಾಪೆಯಿಂದ ಚಾಪೆಗೆ ಮಾತು ಹರಿಯುತ್ತಲೇ ಇತ್ತು.