ಮನೆ ಬಂದಿದೆ, ಎಲ್ಲಿ ನಿಲ್ಲಿಸೋಣ?

ಹೊಸಪೇಟೆಯಿಂದ ಹಂಪಿಗೆ ಹೋಗುವವರೆಲ್ಲ ಕಡ್ಡಿರಾಂಪುರವನ್ನು ನೋಡಿರುತ್ತಾರೆ, ಆದರೆ ಬಸ್ಸಿನ ಕಿಟಕಿಯಿಂದ. ಅನಂತಶಯನಗುಡಿಯ ಗೋಪುರ ಹಿಂದೆ ಸರಿಯುತ್ತಿದ್ದಂತೆ ಬಾಳೆ ತೋಟ, ಕಬ್ಬು, ಒಂದಿಷ್ಟು ಮನೆ, ಚಹಾದಂಗಡಿ, ಮತ್ತೆ ಬಂಡೆ. ಹಂಪಿ ಬಂತೇ ಬಂತು ಎಂದು ಸೀಟಿನ ತುದಿಗೆ ಸರಿದು ಕೂತವರಿಗೆ ನಡುವಿನ ಈ ಊರು ಲೆಕ್ಕಕ್ಕೇ ಇಲ್ಲ. ಬಹಮನಿ ಶೈಲಿಯ ಎರಡು ಹಳೆಯ ಗೋರಿಗಳು ಇಲ್ಲಿವೆ, ವಿಜಯನಗರದ ದಂಡಿನಲ್ಲಿದ್ದ ಮುಸ್ಲಿಮರ ನೆನಪು ಹೇಳುವಂಥವು. ಅವನ್ನು ನೋಡಲೂ ಯಾರೂ ಇಳಿಯುವುದಿಲ್ಲ. ಇಳಿಯುವವರು ಮೂರೇ ಜಾತಿ: ಊರವರು, ಊರವರ ಬೀಗರು, ಟೈರು ಪಂಕ್ಚರ್ ಆದವರು. ನನ್ನ ಷಡ್ಡಕನ ಮನೆ ಇಲ್ಲೇ ಇರುವುದರಿಂದ ನಾನು ಎರಡನೇ ಜಾತಿಗೆ ಸೇರಿದವನು.

ಇಂಥ ಊರಿಗೆ ಒಂದು ಚಳಿಗಾಲ ಕ್ಯಾರವಾನ್ ಬಂತು.

ತಂದವನು ನನ್ನ ಅಕ್ಕನ ಮಗ. ಬೆಂಗಳೂರಿನವನು, ಕಂಪ್ಯೂಟರಿನ ಕೆಲಸ. ಅಮೆರಿಕದಲ್ಲಿದ್ದಾಗ ಇಂಥದ್ದೇ ಗಾಡಿ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್ ಸುತ್ತಿ ಬಂದಿದ್ದ. ಅಂದಿನಿಂದ ಅವನಿಗೆ ಹೋಟೆಲ್ ಎಂದರೆ ತಾತ್ಸಾರ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಎಲ್ಲರನ್ನೂ ಹೇರಿಕೊಂಡು ಹೊರಟು, ಚಿತ್ರದುರ್ಗ ದಾಟಿದ ಮೇಲೆ ನನಗೆ ಫೋನು ಮಾಡಿದ. “ಮಾಮಾ, ಈ ಸಲ ಯಾರಿಗೂ ತೊಂದರೆ ಕೊಡಲ್ಲ. ಮನೇನೇ ತಗೊಂಡು ಬರ್ತಿದ್ದೀವಿ. ಅಡುಗೆಮನೆ, ಬಚ್ಚಲು, ಹಾಸಿಗೆ, ಎಲ್ಲ ಒಳಗೇ ಇದೆ.” ನಾನು ಭೇಷ್ ಅಂದೆ. ಒಂದು ಕ್ಷಣ ಸುಮ್ಮನಿದ್ದು ಕೇಳಿದ: “ಅಂದಹಾಗೆ, ರಾತ್ರಿ ಎಲ್ಲಿ ನಿಲ್ಲಿಸೋದು?”

ಈ ಪ್ರಶ್ನೆಯನ್ನು ಯಾರೂ ಜಾಹೀರಾತಿನಲ್ಲಿ ಕೇಳುವುದಿಲ್ಲ. ಅಲ್ಲಿ ಗಾಡಿ ಸದಾ ಓಡುತ್ತಿರುತ್ತದೆ, ಇಲ್ಲವೇ ಸಂಜೆಯ ಹೊಂಬಿಸಿಲಲ್ಲಿ ಕೆರೆಯ ದಂಡೆ ಮೇಲೆ ನಿಂತಿರುತ್ತದೆ. ಆ ದಂಡೆ ಯಾರದು, ಸರ್ವೆ ನಂಬರು ಎಷ್ಟು ಎಂಬುದು ಚಿತ್ರದಲ್ಲಿ ಬರುವುದಿಲ್ಲ. ಹಂಪಿಯ ಆಸುಪಾಸಿನಲ್ಲಂತೂ ಒಂದೊಂದು ಅಂಗಳಕ್ಕೂ ಒಬ್ಬೊಬ್ಬ ಯಜಮಾನ. ಇದು 1986ರಿಂದ ವಿಶ್ವ ಪರಂಪರೆಯ ತಾಣ, ಹಾಳು ಮಂಟಪದ ಪಕ್ಕ ಒಲೆ ಹೂಡಿದರೆ ಪ್ರಾಚ್ಯವಸ್ತು ಇಲಾಖೆ ಸುಮ್ಮನಿದ್ದೀತೆ? ಹೊಳೆ ದಂಡೆಗೆ ಹೋಗೋಣವೆಂದರೆ ತುಂಗಭದ್ರೆ ನೋಡಲಷ್ಟೇ ಸಾಧು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಕಂಪ್ಲಿಯ ಸೇತುವೆಯೇ ಮುಳುಗಿ ಗಂಗಾವತಿಯ ಹಾದಿ ಕಡಿದುಹೋಗುತ್ತದೆ. ಬಂಡೆಗಳ ನಡುವೆ ನಿಲ್ಲಿಸೋಣವೆಂದರೆ ಅಲ್ಲಿ ಚಿರತೆಗಳ ವಾಸ. ಕಮಲಾಪುರದ ಆಚೆಗೆ ದರೋಜಿಯ ಕರಡಿಧಾಮ, 1994ರಿಂದ ಅದು ಕರಡಿಗಳ ಹೆಸರಿಗೇ ಬರೆದುಕೊಟ್ಟ ಜಾಗ. ಅಲ್ಲಿ ಬಂಡೆಗೆ ಬೆಲ್ಲ-ಜೇನು ಸವರಿ ಕರಡಿಯನ್ನು ಕರೆಯುತ್ತಾರೆ. ಅಕ್ಕ ಡಬ್ಬಿ ತುಂಬ ಶೇಂಗಾ ಉಂಡಿ ಕಟ್ಟಿಕೊಂಡು ಬರುತ್ತಿದ್ದಾಳೆಂದು ಗೊತ್ತಿದ್ದ ನಾನು ಆ ದಿಕ್ಕಿನ ಸುದ್ದಿಯನ್ನೇ ಎತ್ತಲಿಲ್ಲ. ಕಮಲಾಪುರದಲ್ಲಿ ಸರ್ಕಾರದ ಮಯೂರ ಭುವನೇಶ್ವರಿ ಇದೆ, ಅವರ ಅಂಗಳದಲ್ಲಿ ಕೇಳಬಹುದು. ಆದರೆ ಹೋಟೆಲ್ ಬೇಡವೆಂದು ಮನೆ ಹೊತ್ತು ಬಂದವನು ಹೋಟೆಲಿನ ಅಂಗಳದಲ್ಲೇ ಮಲಗುವುದೆ? ಅಳಿಯನಿಗೆ ಅವಮಾನವಾಯಿತು.

ಸರ್ಕಾರಗಳು ಈ ವಿಚಾರದಲ್ಲಿ ಕೈಕಟ್ಟಿ ಕೂತಿವೆ ಎಂದಲ್ಲ. ಕೇಂದ್ರದ ಪ್ರವಾಸೋದ್ಯಮ ಇಲಾಖೆ 2010ರ ಸುಮಾರಿಗೇ ಕ್ಯಾರವಾನ್‌ಗೂ ಅವು ತಂಗುವ ಪಾರ್ಕುಗಳಿಗೂ ಸೇರಿಸಿ ಒಂದು ನೀತಿ ಮಾಡಿತು. ಕೇರಳದವರು 2021ರಲ್ಲಿ ‘ಕೇರವಾನ್ ಕೇರಳ’ ಎಂದು ಹೆಸರಿಟ್ಟು ಭರ್ಜರಿಯಾಗಿ ಶುರುಮಾಡಿದರು. ಗಾಡಿಗಳೇನೋ ಬಂದವು. ಕಾಗದದ ಮೇಲಿನ ಪಾರ್ಕು ನೆಲಕ್ಕಿಳಿಯುವುದು ತುಸು ನಿಧಾನ. ಅಷ್ಟರಲ್ಲಿ ಗಾಡಿ ಹೊಸಪೇಟೆಯ ಹತ್ತಿರ ಬಂದುಬಿಟ್ಟಿತ್ತು. ಷಡ್ಡಕನ ಮನೆ ಮುಂದೆ ಬೇವಿನ ಮರವಿದೆ, ಕಣ ಮಾಡುತ್ತಿದ್ದ ವಿಶಾಲ ಬಯಲಿದೆ. ಅವನಿಗೊಂದು ಮಾತು ಹೇಳಿದೆ. “ಬರ್ಲಿ ಬಿಡ್ರೀ, ಲಾರಿ ನಿಲ್ಲೂ ಜಾಗ, ಮನೀ ನಿಲ್ಲಂಗಿಲ್ಲೇನು?” ಅಂದ.

ಬೇವಿನ ಕೆಳಗೆ ಆ ಬಿಳಿ ಗಾಡಿ ನಿಂತದ್ದೇ ತಡ, ಊರಿಗೆ ಊರೇ ನೆರೆಯಿತು. ಕಣ್ಣಿನ ಆಸ್ಪತ್ರೆಯ ಗಾಡಿ ಎಂದರು ಕೆಲವರು. “ರಕ್ತ ತಗಂಬಾಕ ಬಂದಾರೇನು?” ಎಂದು ಒಬ್ಬಾಕೆ ದೂರದಲ್ಲೇ ನಿಂತು ವಿಚಾರಿಸಿದಳು. ಹುಡುಗರಿಗೆ ಮಾತ್ರ ಅನುಮಾನವೇ ಇರಲಿಲ್ಲ: ಹಂಪಿಯಲ್ಲಿ ಸಿನಿಮಾ ಶೂಟಿಂಗಿಗೆ ಬರವೇ? ಹೀರೋ ಒಳಗೆ ಮಲಗಿದ್ದಾನೆ. ಬಾಗಿಲು ತೆಗೆದು ಮೊಣಕಾಲು ಹಿಡಿದುಕೊಂಡು ಅಕ್ಕ ಇಳಿದಾಗ ಅವರಿಗಾದ ನಿರಾಸೆ ಹೇಳತೀರದು.

ಒಳಗೆ ಹೊಕ್ಕು ನೋಡಿದೆ. ಮಸಾಲೆ ಡಬ್ಬಿಯ ಹಾಗೆ ಪ್ರತಿಯೊಂದಕ್ಕೂ ಅದರದೇ ಖಾನೆ. ಕಪಾಟಿನ ಬಾಗಿಲಿಗೆಲ್ಲ ಗುಂಡಿ ಒತ್ತಿದರೆ ಬಿಚ್ಚುವ ಕೊಂಡಿ, ಇಲ್ಲದಿದ್ದರೆ ರಸ್ತೆ ಉಬ್ಬಿನಲ್ಲಿ ಸಕ್ಕರೆ ಡಬ್ಬಿ ನೆತ್ತಿಗೇ. ಊಟದ ಮೇಜನ್ನು ತಗ್ಗಿಸಿ ದಿಂಬು ಹರಡಿದರೆ ಮಂಚ. ಡ್ರೈವರನ ತಲೆ ಮೇಲೊಂದು ಅಟ್ಟ, ಮಕ್ಕಳು ಅದನ್ನು ಆಗಲೇ ಆಕ್ರಮಿಸಿದ್ದರು. ಹಿಂದೆ, ನನ್ನಂಥವನು ಅಡ್ಡ ತಿರುಗಿದರೆ ಎರಡೂ ಗೋಡೆ ತಾಗುವ ಬಚ್ಚಲು. ಕೆಳಗೆ ಮೂರು ಟ್ಯಾಂಕು: ಒಳ್ಳೆ ನೀರಿನದೊಂದು, ಪಾತ್ರೆ-ಸ್ನಾನದ ನೀರಿನದೊಂದು, ಮೂರನೆಯದು ಯಾವುದಕ್ಕೆಂದು ಬಿಡಿಸಿ ಹೇಳಬೇಕಿಲ್ಲ. ಆ ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಅಕ್ಕನ ತಕರಾರು ಬೇರೆಯೇ. ದೇವರನ್ನು ಎಲ್ಲಿ ಇಡುವುದು? ಚಿತ್ರದುರ್ಗದಿಂದ ಬರುವಾಗ ಈ ಮನೆಗೆ ಉತ್ತರದ ಮುಖ, ಹಂಪಿಯ ಕಡೆ ಹೊರಳಿದ ಕೂಡಲೇ ಪೂರ್ವದ ಮುಖ. ದಾರಿಯುದ್ದಕ್ಕೂ ಮೊಮ್ಮಕ್ಕಳು ಅಟ್ಟದಲ್ಲಿ ಎಂಜಿನ್ ಕಡೆ ತಲೆ ಹಾಕಿ, ಅಂದರೆ ನೆಟ್ಟಗೆ ಉತ್ತರಕ್ಕೆ, ನಿದ್ದೆ ಹೊಡೆದಿದ್ದರು. ವಾಸ್ತುಶಾಸ್ತ್ರದವರು ಗಾಲಿ ಇರುವ ಮನೆಯನ್ನು ಊಹಿಸಿಯೇ ಇರಲಿಲ್ಲವೆಂದು ಕಾಣುತ್ತದೆ. ಕೊನೆಗೆ ಡ್ರೈವರು ಗಾಡಿಯನ್ನು ಹಿಂದೆ ಮುಂದೆ ಆಡಿಸಿ, ಮೂತಿಯನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದ. ದಿಕ್ಕು ಸರಿಯಿಲ್ಲದಿದ್ದರೆ ಮನೆಯನ್ನೇ ತಿರುಗಿಸುವ ಅನುಕೂಲ ಬೇರೆ ಯಾರಿಗುಂಟು ಹೇಳಿ.

ಡ್ರೈವರು ಎಂದೆನಲ್ಲ, ನಮ್ಮಲ್ಲಿ ಇಂಥ ಗಾಡಿಯನ್ನು ಸಾಮಾನ್ಯವಾಗಿ ಡ್ರೈವರ್ ಸಮೇತವೇ ಕೊಡುತ್ತಾರೆ. ಐದು ಜನ ಮಲಗುವ ವ್ಯವಸ್ಥೆ ಇದ್ದ ಆ ಮನೆಯಲ್ಲಿ ಅದನ್ನು ಓಡಿಸುವವನ ಹಾಸಿಗೆ ಲೆಕ್ಕಕ್ಕೆ ಬಂದಿರಲಿಲ್ಲ. ಇಂಗ್ಲೆಂಡಿನಲ್ಲಿ ಮೋಜಿಗೆಂದೇ ಮೊದಲು ಕ್ಯಾರವಾನ್ ಮಾಡಿಸಿಕೊಂಡವನು ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯ. 1885ರಲ್ಲಿ ‘ವಾಂಡರರ್’ ಎಂದು ಹೆಸರಿಟ್ಟು, ಎರಡು ಕುದುರೆ ಹೂಡಿ, ಹದಿಮೂರು ನೂರು ಮೈಲಿ ತಿರುಗಿ ಪುಸ್ತಕ ಬರೆದ. ಸ್ವತಂತ್ರ ಜೀವನ, ಪ್ರಕೃತಿಯ ಮಡಿಲು, ಎಲ್ಲ ಸರಿ. ಜತೆಗೆ ಒಬ್ಬ ಕೋಚುಮನ್, ಒಬ್ಬ ಆಳು, ಒಂದು ನಾಯಿ, ಒಂದು ಕಾಕಟೂ ಗಿಳಿ! ಎರಡು ಕೈಯಲ್ಲಿ ಸ್ವಾತಂತ್ರ್ಯ ಅನುಭವಿಸಬೇಕಾದರೆ ಬೇರೆಯವರ ನಾಲ್ಕು ಕೈ ದುಡಿಯಬೇಕು, ಅಂದೂ ಇಂದೂ. ನಮ್ಮ ಡ್ರೈವರು ಷಡ್ಡಕನ ಪಡಸಾಲೆಯಲ್ಲಿ ಹಗ್ಗದ ಮಂಚದ ಮೇಲೆ ಮಲಗಿದ. ಬೆಳಿಗ್ಗೆ ನೋಡಿದರೆ ಅವನೊಬ್ಬನೇ ಸರಿಯಾಗಿ ನಿದ್ದೆ ಮಾಡಿದವನ ಮುಖ ಹೊತ್ತಿದ್ದ.

ಇನ್ನು ಯಾರಿಗೂ ತೊಂದರೆ ಕೊಡದ ಆ ಮನೆಯ ಕತೆ. ಏಸಿಗೆ ಕರೆಂಟು ಬೇಕು, ಷಡ್ಡಕನ ಕಿಟಕಿಯಿಂದ ವೈರು ಎಳೆದಾಯಿತು. ಟ್ಯಾಂಕಿಗೆ ನೀರು ಬೇಕು, ನಲ್ಲಿಯಿಂದ ಪೈಪು ಬಂತು. ತುಂಬಿಸಿದ ನೀರು ಖರ್ಚಾಗಬಾರದೆಂದು ಎಲ್ಲರ ಸ್ನಾನ ಷಡ್ಡಕನ ಬಚ್ಚಲಲ್ಲೇ ಆಯಿತು. ಅಡುಗೆಯನ್ನಂತೂ ಕೇಳಲೇಬೇಡಿ. ಬಾಗಿಲಿಗೆ ಬಂದವರು ಸ್ವಂತ ಒಲೆ ಹಚ್ಚಿದರೆ ಮನೆಯೊಡತಿಯ ಮಾನವೇನಾಗಬೇಕು? ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ. ಗಾಡಿಯ ಒಲೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಕೀಳಲಿಲ್ಲ. ಅಳಿಯ ಮೊದಲ ದಿನ ಸಂಕೋಚಪಟ್ಟ, ಎರಡನೇ ದಿನ ಇನ್ನೊಂದು ರೊಟ್ಟಿ ಕೇಳಿದ.

ನನಗೆ ಅನ್ನಿಸುವುದು, ಬಿಡಾರ ಹೂಡುವ ವಿದ್ಯೆಯನ್ನು ಈ ಸೀಮೆಗೆ ಯಾರೂ ಕಲಿಸಬೇಕಿಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಹೋದ ವಿವರವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ರಾಜನ ಡೇರೆಯ ಸುತ್ತ ಮುಳ್ಳುಬೇಲಿ, ಒಳಹೋಗಲು ಒಂದೇ ಬಾಗಿಲು. ದಂಡಿನಲ್ಲಿ ಬೀದಿ ಬೀದಿ, ಪೇಟೆ ಪೇಟೆ, ಚಿನ್ನ ಬೆಳ್ಳಿಯ ಅಕ್ಕಸಾಲಿಗರು, ರತ್ನ ಮಾರುವವರು, ಅಗಸರು. ಬಾಯಾರಿ ಯಾರೂ ಸಾಯಬಾರದೆಂದು ತೊಗಲ ಚೀಲದಲ್ಲಿ ನೀರು ಹೊತ್ತು ದಾರಿಯಲ್ಲಿ ನಿಂತವರೇ ಹನ್ನೆರಡು ಸಾವಿರ ಮಂದಿ ಎನ್ನುತ್ತಾನೆ. ಅವನ ಸಂಖ್ಯೆಗಳಿಗೆ ಕುದುರೆ ವ್ಯಾಪಾರಿಯ ಬಾಯಿಯ ಧಾರಾಳ ಇದ್ದೀತು, ಇರಲಿ. ತಿಳಿಯದವನು ನೋಡಿದರೆ ಸಮೃದ್ಧ ಪಟ್ಟಣವೇ ಅನ್ನಬೇಕು, ಹಾಗಿತ್ತಂತೆ.

ರಾಜರ ಮಾತು ದೂರದ್ದಾದರೆ ಹುಲಿಗಿಗೆ ಹೋಗಿ, ಹುಣ್ಣಿಮೆಯ ದಿನ. ಇಲ್ಲವೇ ಭಾರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ. ಟ್ರ್ಯಾಕ್ಟರಿನ ಟ್ರೇಲರಿಗೆ ಬಿದಿರ ಗಳು ಬಗ್ಗಿಸಿ, ಮೇಲೆ ತಾಡಪಾಲು ಹೊದೆಸಿ, ಕೆಳಗೆ ಒಣಹುಲ್ಲು ಹಾಸಿ, ಮೇಲೆ ಕೌದಿ. ಅಜ್ಜಿಯಿಂದ ತೊಟ್ಟಿಲ ಕೂಸಿನ ತನಕ ಇಡೀ ಮನೆತನ ಒಳಗೆ. ಹಿಂದಿನ ಹಲಗೆಗೆ ನೀರಿನ ಬಿಂದಿಗೆ ಬಿಗಿದಿರುತ್ತದೆ, ಪಕ್ಕದಲ್ಲಿ ಸ್ಟೌ, ವಾರಕ್ಕಾಗುವಷ್ಟು ಕಟಿ ರೊಟ್ಟಿ. ಮೊದಲು ಇದೇ ಕೆಲಸವನ್ನು ಕಮಾನು ಕಟ್ಟಿದ ಎತ್ತಿನ ಬಂಡಿ ಮಾಡುತ್ತಿತ್ತು. ಹೊಳೆಯ ಮರಳಲ್ಲಿ, ಸುಗ್ಗಿ ಮುಗಿದ ಹೊಲದಲ್ಲಿ ಸಾಲು ಹಿಡಿದು ನಿಂತ ಆ ಬಿಡಾರಗಳಲ್ಲಿ ಯಾರೂ ಯಾರನ್ನೂ “ಎಲ್ಲಿ ನಿಲ್ಲಿಸಲಿ” ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಪಕ್ಕದವನು ತನ್ನ ಮೂಕಿಯನ್ನು ಒಂದಿಷ್ಟು ಸರಿಸುತ್ತಾನೆ, ಜಾಗವಾಗುತ್ತದೆ.

ಎಲ್ಲರಿಗೂ ಹಾಗೆ ಸರಿದು ಜಾಗ ಕೊಡುವವರು ಸಿಗುವುದಿಲ್ಲ ಎಂಬುದೂ ಕಡ್ಡಿರಾಂಪುರದಲ್ಲೇ ಗೊತ್ತಾಗುತ್ತದೆ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಮನೆ ಮಾಡಿಕೊಂಡಿದ್ದವರನ್ನು, ಅಂಗಡಿ ಇಟ್ಟಿದ್ದವರನ್ನು ಎಬ್ಬಿಸಿದಾಗ ಅವರಿಗೆ ನಿವೇಶನ ತೋರಿಸಿದ್ದು ಈ ಊರಿನಲ್ಲಿ. ಸ್ಮಾರಕ ಉಳಿಯಬೇಕಾದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜೆಸಿಬಿ ಬಂದ ಬೆಳಗು ಅವರ ಯಾವ ಮನೆಗೂ ಗಾಲಿ ಇರಲಿಲ್ಲ. ವಿರೂಪಾಕ್ಷನ ತೇರಿನ ಬೀದಿಯಲ್ಲಿ ಪ್ರವಾಸಿಗರಿಗೆ ಚಹಾ ಕಾಸಿ ಬದುಕಿದವರಿಗೆ ನಾಲ್ಕು ಕಿಲೋಮೀಟರು ಅಂದರೆ ಅಷ್ಟೇನು ಹತ್ತಿರವಲ್ಲ. ಅಳಿಯನ ಗಾಡಿ ನೋಡಲು ಬಂದ ಒಬ್ಬ ಮುದುಕ ಒಳಗೆಲ್ಲ ಕೈಯಾಡಿಸಿ, ಗೋಡೆ ತಟ್ಟಿ, “ಇದಕ್ಕ ಪಟ್ಟಾ ಬೇಕಾಗಂಗಿಲ್ಲಲ್ಲ?” ಎಂದಷ್ಟೇ ಕೇಳಿದ. ಅಳಿಯನಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಆರ್‌ಟಿಓ ಪರ್ಮಿಟ್ಟಿನ ವಿಷಯ ವಿವರಿಸಿದ.

ಸುತ್ತಾಟವೂ ಆಯಿತೆನ್ನಿ. ತಳವಾರಘಟ್ಟದ ಹೆಬ್ಬಾಗಿಲ ಹತ್ತಿರ ಹೋಗುವುದೇ ಬೇಡವೆಂದ ಡ್ರೈವರು. ಐನೂರು ವರ್ಷದ ಕಲ್ಲು ಉಳಿದೀತು, ಏಸಿ ಪೆಟ್ಟಿಗೆ ಉಳಿಯದು ಎಂಬ ಅವನ ಲೆಕ್ಕಾಚಾರ ಬರೋಬ್ಬರಿ ಇತ್ತು. ಹಾಗಾಗಿ ಹಂಪಿಯನ್ನು ಆಟೋದಲ್ಲಿ ನೋಡಿದೆವು. ಸಂಡೂರಿಗೆ ಮಾತ್ರ ಗಾಡಿಯಲ್ಲೇ ಹೋದೆವು. ಗಾಂಧೀಜಿ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದಿದ್ದರು ಎಂದು ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ನಾವು ಹೋದದ್ದು ಡಿಸೆಂಬರಿನಲ್ಲಿ. ಅದಿರಿನ ಲಾರಿಗಳ ಹಿಂದೆ ಮುಂದೆ ಸಿಕ್ಕಿ, ನಾರಿಹಳ್ಳದ ನೀರು ಕಣ್ಣಿಗೆ ಬೀಳುವ ಹೊತ್ತಿಗೆ ಹಾಲುಬಿಳುಪಿನ ಮನೆಗೆ ಕಾವಿ ಬಂದಿತ್ತು. ಕುಮಾರಸ್ವಾಮಿಯ ಬೆಟ್ಟದ ಹಾದಿಯಲ್ಲಿ ಅಕ್ಕ ಹಿಂದಿನ ಮಂಚದ ಮೇಲೆ ಮಲಗಿ, ಪರದೆ ಸರಿಸಿ, ಕಾಡು ಹಿಂದಕ್ಕೆ ಓಡುವುದನ್ನು ನೋಡುತ್ತ ಬಂದಳು. ಮೊಣಕಾಲು ಮಡಚದೆ ಬೆಟ್ಟ ಹತ್ತಿದ್ದು ಜನ್ಮದಲ್ಲಿ ಇದೇ ಮೊದಲು ಎಂದಳು. ಕೊಟ್ಟ ಬಾಡಿಗೆ ಆ ಒಂದು ಮಾತಿಗೆ ವಸೂಲಾಯಿತು ಎಂದೇ ನನ್ನ ತೀರ್ಮಾನ.

ಇನ್ನು ಆ ಮೂರನೇ ಟ್ಯಾಂಕು. ಅಮೆರಿಕದಲ್ಲಿ ಅದನ್ನು ಖಾಲಿ ಮಾಡಲೆಂದೇ ಅಲ್ಲಲ್ಲಿ ಕಟ್ಟೆ ಕಟ್ಟಿರುತ್ತಾರಂತೆ, ಪೈಪು ಜೋಡಿಸಿದರೆ ಕೆಲಸ ಮುಗಿಯಿತು. ಇಲ್ಲಿ ಹೊರಡುವ ಮುನ್ನಾ ದಿನ ಅಳಿಯ ಮೆಲ್ಲಗೆ ಷಡ್ಡಕನ ಪಕ್ಕ ಸರಿದು ಪಾಯಿಖಾನೆ ಗುಂಡಿ ಎಲ್ಲಿದೆಯೆಂದು ವಿಚಾರಿಸಿದ. ಅದೇ ಹೊತ್ತಿಗೆ ಎದುರಿನ ಹೊಲದಲ್ಲಿ ಕುರಿಗಾರರು ಬಂದು ಇಳಿದಿದ್ದರು. ಕುದುರೆಯ ಮೇಲೆ ಬಲೆ, ಗುಂಡಿಗೆ, ಕಂಬಳಿ, ಎರಡು ಕೋಳಿ. ಸಂಜೆಯೊಳಗೆ ಬಲೆ ಹಾಕಿ, ಕುರಿ ಕೂಡಿ, ಮೂರು ಕಲ್ಲಿಟ್ಟು ಒಲೆ ಹೊತ್ತಿಸಿದ್ದರು. ಒಂದು ರಾತ್ರಿ ಕುರಿ ತರುಬಿದರೆ ಹೊಲದವನೇ ಅವರಿಗೆ ಕಾಳು ಅಳೆಯುತ್ತಾನೆ ಅಥವಾ ರೊಕ್ಕ ಎಣಿಸುತ್ತಾನೆ. ನೆಲಕ್ಕೆ ಗೊಬ್ಬರ, ಮುಂದಿನ ಬೆಳೆಗೆ ಬಲ. ಇದನ್ನು ಕೇಳಿ ಅಳಿಯ ಬೆರಗಾದ. ತಾನು ಗಾಡಿಗೆ ದಿನಕ್ಕಿಷ್ಟೆಂದು ಬಾಡಿಗೆ ತೆತ್ತು, ನಿಲ್ಲಲು ಜಾಗ ಬೇಡಿ ಬಂದವನು. ಅವರೋ, ನಿಂತದ್ದಕ್ಕೇ ಸಂಭಾವನೆ ಪಡೆಯುವವರು.

ಪೈಪು ಎಳೆಯುವುದನ್ನು ನೋಡುತ್ತ ನಿಂತಿದ್ದ ಹೊಲದ ಯಜಮಾನನಿಗೂ ವಿಷಯ ಹೊಳೆಯಿತು. ಮೀಸೆ ನೀವುತ್ತ ಡ್ರೈವರನ್ನು ಕೇಳಿದ: “ಕುರಿ ನಿಲ್ಸಿದ್ರ ಗೊಬ್ಬರ ಆಕ್ಕತಿ. ಇದನ್ನೂ ನಮ್ಮ ಹೊಲದಾಗ ಒಂದಿನ ನಿಲ್ಸಿದ್ರ ಹೆಂಗ?”

“ಬ್ಯಾಡ್ರೀ ಯಜಮಾನ್ರ” ಅಂದ ಡ್ರೈವರು, ಪೈಪು ಸುತ್ತುತ್ತ. “ವಾಸನಿ ಬರಬಾರ್ದು ಅಂತ ನೀಲಿ ಔಷಧ ಹಾಕಿರ್ತಾರ. ಬೆಳಿ ಸುಟ್ಟು ಹೋಕ್ಕತಿ.”