ವಿಳಾಸ ಮತ್ತು ಮುಸುಕು

ಬಿಕ್ಕೋಡಿಗೆ ಬರುವ ಕಾಗದದ ಮೇಲೆ ಪಡೆಯುವವರ ಹೆಸರು, ಊರು, ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ ಎಂದು ಬರೆದಿರುತ್ತದೆ. ದೂರದ ಅಂಚೆ ಕಚೇರಿಯಲ್ಲಿ ಕುಳಿತು ವಿಂಗಡಿಸುವವರು ಅದನ್ನು ಪೂರ್ತಿಯಾಗಿ ಓದಬೇಕಾಗಿಲ್ಲ. ಅವರಿಗೆ ಜಿಲ್ಲೆಯಷ್ಟೇ ಸಾಕು. ಕಾಗದವು ಹಾಸನವನ್ನು ಸೇರಿದ ಮೇಲೆ ತಾಲ್ಲೂಕು ಮುಖ್ಯವಾಗುತ್ತದೆ. ಬಿಕ್ಕೋಡಿನ ಅಂಚೆಯವನಿಗಾದರೋ ಜಿಲ್ಲೆ, ತಾಲ್ಲೂಕುಗಳಿಂದ ಪ್ರಯೋಜನವಿಲ್ಲ. ಮನೆಯ ಯಜಮಾನನ ಹೆಸರೇ ಪ್ರಧಾನ. ವಿಳಾಸದ ಎಷ್ಟು ಭಾಗವನ್ನು ನೋಡಬೇಕು, ಎಷ್ಟನ್ನು ನೋಡದೆ ಬಿಡಬೇಕು ಎಂಬ ವಿವೇಕವೇ ಅಂಚೆಯ ವ್ಯವಸ್ಥೆಯ ಜೀವಾಳ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಈ ವಿವೇಕವನ್ನೇ ಆರು ಅಂಕಿಗಳಲ್ಲಿ ಅಡಕಗೊಳಿಸಿತು. ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು ಅದರ ರೂವಾರಿಗಳು. ಬೇಲೂರಿನ ಸಂಖ್ಯೆ 573115, ಹಳೇಬೀಡಿನದು 573121. ಮೊದಲ ಮೂರು ಅಂಕಿಗಳನ್ನು ಮಾತ್ರ ನೋಡುವವನಿಗೆ ಈ ಎರಡೂ ಒಂದೇ. ಆರನ್ನೂ ನೋಡುವವನಿಗೆ ಬೇರೆ ಬೇರೆ.

ಗಣಕಯಂತ್ರಗಳ ಜಾಲದಲ್ಲಿಯೂ ಇದೇ ತತ್ತ್ವ ನಡೆಯುತ್ತದೆ. 1981ರಲ್ಲಿ ಪ್ರಕಟವಾದ ನಿಯಮಾವಳಿಯಂತೆ ಜಾಲದ ವಿಳಾಸವು 32 ಬಿಟ್‌ಗಳ, ಎಂದರೆ ಸೊನ್ನೆ ಅಥವಾ ಒಂದು ಎಂಬ 32 ಗುರುತುಗಳ ಸಾಲು. ಮನುಷ್ಯರ ಅನುಕೂಲಕ್ಕಾಗಿ ಅದನ್ನು ನಾಲ್ಕು ಖಂಡಗಳನ್ನಾಗಿ ಒಡೆದು 192.168.10.77 ಎಂಬಂತೆ ಬರೆಯುವುದು ವಾಡಿಕೆ. ವಿಳಾಸದ ಮುಂಭಾಗ ಊರಿನ ಹೆಸರಿನಂತೆ, ಹಿಂಭಾಗ ಮನೆಯ ಸಂಖ್ಯೆಯಂತೆ. ಊರು ಎಲ್ಲಿಗೆ ಮುಗಿದು ಮನೆ ಎಲ್ಲಿಂದ ಆರಂಭವಾಗುತ್ತದೆಂದು ತಿಳಿಸುವ ಮತ್ತೊಂದು ಸಂಖ್ಯೆಯೇ ಸಬ್‌ನೆಟ್ ಮಾಸ್ಕ್, ಎಂದರೆ ಮುಸುಕು. ಒಂದು ಜಾಲವನ್ನು ಹೀಗೆ ಉಪಜಾಲಗಳಾಗಿ ವಿಭಾಗಿಸುವ ಕ್ರಮವನ್ನು ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಎಂಬುವರು 1985ರ ಆಗಸ್ಟ್‌ನಲ್ಲಿ ಬರೆದಿಟ್ಟರು.

ಶಾಲೆಯೊಂದರ ಅಂಕಪಟ್ಟಿಗಳು, ಶುಲ್ಕದ ಲೆಕ್ಕ, ದಾನಿಗಳ ವಿವರ ಇವೆಲ್ಲ ಒಂದು ಸರ್ವರ್‌ನಲ್ಲಿವೆ ಎಂದಿಟ್ಟುಕೊಂಡರೆ ಮುಸುಕಿನ ಮಹತ್ತ್ವ ಮನದಟ್ಟಾಗುತ್ತದೆ. ಅಧ್ಯಾಪಕರ ಕೊಠಡಿಯ ಯಂತ್ರಗಳಿಗೆ ಕೊನೆಯ ಖಂಡದಲ್ಲಿ 64ರಿಂದ 95ರವರೆಗಿನ ಸಂಖ್ಯೆಗಳು. ವಿದ್ಯಾರ್ಥಿಗಳ ಪ್ರಯೋಗಶಾಲೆಗೆ 96ರಿಂದ ಮುಂದಿನವು. ಅಂಕಪಟ್ಟಿಯನ್ನು ಅಧ್ಯಾಪಕರು ಮಾತ್ರ ತಿದ್ದಬಹುದೆಂಬುದು ನಿಯಮ. ಸರ್ವರ್‌ನ ತಂತ್ರಾಂಶಕ್ಕೆ ಈ ನಿಯಮವನ್ನು ತಿಳಿಸಲು ಮೂವತ್ತೆರಡು ವಿಳಾಸಗಳನ್ನೂ ಬರೆಯಬೇಕಾಗಿಲ್ಲ. ಜಾಲ 192.168.10.64, ಮುಸುಕು 255.255.255.224 ಎಂದರೆ ಸಾಕು.

ಬಾಗಿಲಿಗೆ ಬಂದ 77ನೆಯ ಯಂತ್ರವನ್ನು ತಂತ್ರಾಂಶವು ಪರೀಕ್ಷಿಸುವ ಬಗೆ ಸರಳವಾದುದು. ದ್ವಿಮಾನ ಪದ್ಧತಿಯಲ್ಲಿ 77 ಎಂದರೆ 01001101. ಮುಸುಕಿನ 224 ಎಂದರೆ 11100000. ಎರಡನ್ನೂ ಒಂದರ ಕೆಳಗೊಂದು ಬರೆದು, ಎರಡು ಸಾಲಿನಲ್ಲಿಯೂ 1 ಇರುವ ಸ್ಥಾನದಲ್ಲಿ ಮಾತ್ರ 1 ಉಳಿಸಿ, ಮಿಕ್ಕ ಕಡೆ ಸೊನ್ನೆ ಹಾಕಬೇಕು. ಬರುವ ಉತ್ತರ 01000000, ಎಂದರೆ 64. ನಿಯಮದಲ್ಲಿರುವ ಸಂಖ್ಯೆಯೂ ಅದೇ ಆದುದರಿಂದ ಬಾಗಿಲು ತೆರೆಯುತ್ತದೆ. 97ನೆಯ ಯಂತ್ರ ಬಂದರೆ 01100001 ಎಂಬುದರ ಮೇಲೆ ಅದೇ ಮುಸುಕನ್ನು ಹೊದಿಸಿದಾಗ 96 ಉಳಿಯುತ್ತದೆ, ಬಾಗಿಲು ತೆರೆಯುವುದಿಲ್ಲ. ಮೊದಲ ಮೂರು ಖಂಡಗಳಿಗೂ ಇದೇ ಪರೀಕ್ಷೆ. ಪ್ರೌಢಶಾಲೆಯ ವಿದ್ಯಾರ್ಥಿಯು ಹಲಗೆಯ ಮೇಲೆ ಮಾಡಬಲ್ಲ ಲೆಕ್ಕವಿದು.

ಲೆಕ್ಕ ಸುಲಭವಾದರೂ ಅದರಲ್ಲಿ ಎಡವುವ ಎಡೆಗಳು ಹಲವು. ಮುಸುಕನ್ನು 255.255.255.0 ಎಂದು ಸಡಿಲವಾಗಿ ಬರೆದು ಜಾಲದ ಸಂಖ್ಯೆಯನ್ನೂ ಅದಕ್ಕೆ ಹೊಂದಿಸಿದರೆ 256 ವಿಳಾಸಗಳೂ ಒಳಗಿನವೇ ಆಗಿ, ಪರೀಕ್ಷೆ ಬರೆದ ಹುಡುಗನೇ ತನ್ನ ಅಂಕವನ್ನು ತಿದ್ದುವ ಅವಕಾಶ ಒದಗುತ್ತದೆ. 255.255.255.240 ಎಂದು ಬಿಗಿಯಾಗಿ ಬರೆದರೆ 64ರಿಂದ 79ರವರೆಗೆ ಮಾತ್ರ ಪ್ರವೇಶ; 85ನೆಯ ಯಂತ್ರದ ಮುಂದೆ ಕುಳಿತ ಅಧ್ಯಾಪಕರು ತಮ್ಮ ಮನೆಯಲ್ಲಿಯೇ ಪರಕೀಯರು. ಮುಸುಕೂ ಜಾಲದ ಸಂಖ್ಯೆಯೂ ಎಲ್ಲವೂ ಸೊನ್ನೆಯಾದರೆ ಯಾವ ಅಂಕಿಯನ್ನೂ ನೋಡಬೇಡವೆಂದು ಆಜ್ಞಾಪಿಸಿದಂತೆ. ಜಗತ್ತೆಲ್ಲವೂ ಒಳಗೆ ಬರಬಹುದು. ಜಾಲದ ಸಂಖ್ಯೆಯಾಗಿ 64ರ ಬದಲು 77 ಎಂದು ಬರೆಯುವುದು ಇನ್ನೊಂದು ಬಗೆಯ ತಪ್ಪು. ಬಂದವರ ವಿಳಾಸಕ್ಕೆ ಮಾತ್ರ ಮುಸುಕು ಹೊದಿಸಿ ನಿಯಮದ ಸಂಖ್ಯೆಯನ್ನು ಇದ್ದಂತೆಯೇ ಹೋಲಿಸುವ ತಂತ್ರಾಂಶದಲ್ಲಿ 64 ಎಂದಿಗೂ 77 ಆಗದು. 77ನೆಯ ಯಂತ್ರವೇ ತನ್ನ ಸಂಖ್ಯೆಯ ನಿಯಮದಿಂದ ಹೊರಗುಳಿಯುತ್ತದೆ. ಪೈಥಾನ್ ಭಾಷೆಯ ಗ್ರಂಥಾಲಯವು ಇಂತಹ ಬರಹವನ್ನು ದೋಷವೆಂದು ಸಾರಿ ತಿರಸ್ಕರಿಸುವುದು ಈ ಕಾರಣದಿಂದಲೇ.

ನುರಿತವರೂ ಇಲ್ಲಿ ಎಡವಿದ್ದಾರೆ. ನೋಡ್ ತಂತ್ರಾಂಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ ‘ನೆಟ್‌ಮಾಸ್ಕ್’ ಎಂಬ ಗ್ರಂಥಾಲಯದಲ್ಲಿ 2021ರ ಮಾರ್ಚ್‌ನಲ್ಲಿ ಒಂದು ದೋಷ ಬಯಲಾಯಿತು. ಹಳೆಯ ವಾಡಿಕೆಯಂತೆ ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯನ್ನು ಎಂಟರ ಪದ್ಧತಿಯಲ್ಲಿ ಓದಬೇಕು. ಆಗ 0177 ಎಂದರೆ 127. ಆ ಗ್ರಂಥಾಲಯವು ಮೊದಲ ಸೊನ್ನೆಯನ್ನು ಕಡೆಗಣಿಸಿ 177 ಎಂದೇ ಓದುತ್ತಿತ್ತು. 127.0.0.1 ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಹೀಗಾಗಿ ಒಳಮನೆಯ ವಿಳಾಸವು ಹೊರಗಿನದೆಂಬ ವೇಷದಲ್ಲಿ ಕಾವಲನ್ನು ದಾಟಬಹುದಾಗಿತ್ತು. ಅದೇ ವರ್ಷ ಪೈಥಾನ್‌ನ ಗ್ರಂಥಾಲಯದಲ್ಲಿಯೂ ಇದೇ ಜಾತಿಯ ದೋಷವನ್ನು ತಿದ್ದಲಾಯಿತು. ಒಂದು ಸೊನ್ನೆಯನ್ನು ಇಬ್ಬರು ಎರಡು ಬಗೆಯಾಗಿ ಓದಿದುದೇ ಇಷ್ಟಕ್ಕೆಲ್ಲ ಕಾರಣ.

ಲೆಕ್ಕವು ಸರಿಯಾಗಿದ್ದರೂ ಮುಸುಕಿಗೆ ಒಂದು ಮಿತಿಯುಂಟು. ಅದು ಬಂದವರು ಎಲ್ಲಿಂದ ಬಂದರೆಂದು ಹೇಳಬಲ್ಲದು, ಯಾರೆಂದು ಹೇಳಲಾರದು. ಅಧ್ಯಾಪಕರ ಕೊಠಡಿಯಲ್ಲಿ ಯಾರೂ ಇಲ್ಲದ ಹೊತ್ತು ಒಳಹೊಕ್ಕವನನ್ನೂ ಸರ್ವರ್ ಅಧ್ಯಾಪಕನೆಂದೇ ಬಗೆಯುತ್ತದೆ. ಅಲ್ಲದೆ 192.168ರಿಂದ ಆರಂಭವಾಗುವ ವಿಳಾಸಗಳನ್ನು ಒಳಜಾಲಗಳಲ್ಲಿ ಯಾರು ಬೇಕಾದರೂ ಬಳಸಬಹುದೆಂದು 1996ರಲ್ಲಿ ನಿಗದಿಪಡಿಸಲಾಯಿತು. ಬಿಕ್ಕೋಡಿನ ಕಾಫಿ ತೋಟದ ಮನೆಯಲ್ಲಿಯೂ ಬೆಂಗಳೂರಿನ ಮಹಡಿಯ ಮನೆಯಲ್ಲಿಯೂ ಒಂದೇ ಸಂಖ್ಯೆ ಏಕಕಾಲಕ್ಕೆ ಇರಬಹುದು. 32 ಬಿಟ್‌ಗಳಿಂದ ದೊರೆಯುವ ವಿಳಾಸಗಳು ಒಟ್ಟು 4294967296. ಹಂಚದೆ ಉಳಿದಿದ್ದ ಕೇಂದ್ರ ಭಂಡಾರವು 2011ರ ಫೆಬ್ರವರಿ 3ರಂದು ಬರಿದಾಯಿತು. ಒಂದೇ ಹೊರವಿಳಾಸದ ಹಿಂದೆ ಹಲವು ಮನೆಗಳು ಕೂಡಿ ಬಾಳುವ ಇಂದಿನ ದಿನಗಳಲ್ಲಿ ವಿಳಾಸವನ್ನೇ ಗುರುತೆಂದು ನಂಬುವುದು ಅಪಾಯಕರ. ಮುಸುಕಿನ ಕಾವಲಿನ ಒಳಗೆ ಗುಪ್ತಪದದ ಕಾವಲೂ ಇರಬೇಕು.

ಬಂದವನನ್ನು ‘ಯಾರವನು’ ಎಂದು ಕೇಳಿಸದೆ ತಮ್ಮವನೆಂದೇ ಎಣಿಸುವಂತೆ ಪ್ರಾರ್ಥಿಸಿದ ಬಸವಣ್ಣನವರ ಪರಂಪರೆಯ ಮಠದ ಶಾಲೆಯಲ್ಲಿ, ಒಳಗು ಹೊರಗುಗಳ ಈ ಗಣಿತವು ಮೊದಲ ನೋಟಕ್ಕೆ ಸಲ್ಲದ ಪಾಠವೆನಿಸಬಹುದು. ತುಮಕೂರಿನ ಸಿದ್ಧಗಂಗೆಯ ದಾಸೋಹದ ಪಂಕ್ತಿಯಲ್ಲಿ ಕುಳಿತವರ ಊರು, ಕುಲಗಳನ್ನು ಕೇಳುವವರಿಲ್ಲ. ಆದರೆ ದಾಸೋಹದ ಬಾಗಿಲು ತೆರೆದಿದೆಯೆಂದು ಉಗ್ರಾಣದ ಬೀಗವನ್ನೂ ಭಕ್ತರ ಕಾಣಿಕೆಯ ಲೆಕ್ಕದ ಪುಸ್ತಕವನ್ನೂ ಬೀದಿಯಲ್ಲಿಡುವವರುಂಟೆ? ಅನ್ನವು ಎಲ್ಲರದು; ಮಕ್ಕಳ ಅಂಕಪಟ್ಟಿಯು ನಂಬಿ ಒಪ್ಪಿಸಿದ ನಿಧಿ. ಯಾವ ಬಾಗಿಲಿಗೆ ಮುಸುಕು ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಯಂತ್ರವು ತೀರ್ಮಾನಿಸಲಾರದು. ಅದು ಶಾಲೆಯನ್ನು ನಡೆಸುವವರ ಹೊಣೆ.

ಆ ಹೊಣೆಯನ್ನು ಹೊರುವವರು ಪರಿಣತರನ್ನೇ ನಂಬಿ ಕುಳಿತುಕೊಳ್ಳಬೇಕಾಗಿಲ್ಲ. ನಿಯಮವನ್ನು ಬರೆದ ಮೇಲೆ ನಾಲ್ಕು ವಿಳಾಸಗಳನ್ನು ಪರೀಕ್ಷಿಸಿದರೆ ಹೆಚ್ಚಿನ ತಪ್ಪುಗಳು ಹೊರಬೀಳುತ್ತವೆ: ಒಳಗಿನ ಮೊದಲನೆಯದು, ಒಳಗಿನ ಕೊನೆಯದು, ಹೊರಗೆ ಅದರ ಹಿಂದಿನದು, ಮುಂದಿನದು. ಮೇಲಿನ ಉದಾಹರಣೆಯಲ್ಲಿ 64 ಮತ್ತು 95 ನಿಯಮಕ್ಕೆ ಹೊಂದಬೇಕು, 63 ಮತ್ತು 96 ಹೊಂದಕೂಡದು. ಗಣಿತದ ಅಧ್ಯಾಪಕರು ಒಂದು ತರಗತಿಯ ಅವಧಿಯಲ್ಲಿ ಇದನ್ನು ಕಲಿಸಬಹುದು; ಕಲಿತ ಮಕ್ಕಳು ಮುಂದೆ ಯಾವ ಊರಿನ ಯಾವ ಸರ್ವರ್‌ನ ಮುಂದೆ ಕುಳಿತರೂ ಅದು ಉಪಯೋಗಕ್ಕೆ ಬರುತ್ತದೆ.