ತಾತ ಕೇಳಿದ ‘ಅಪ್ಪುರಂ?’

ಹೋದ ತಿಂಗಳು ಲ್ಯಾಬ್ ರೆಕಾರ್ಡ್ ಬರೆಯೋದು ಬಿಟ್ಟು, ಹದಿನಾಲ್ಕು ತಿಂಗಳಿಂದ ಮುಟ್ಟದೇ ಇದ್ದ ನನ್ನ ಬ್ಲಾಗ್ ತೆಗೆದೆ. ಪಾಸ್‌ವರ್ಡೇ ಮರೆತುಹೋಗಿತ್ತು. ಒಳಗೆ ಹೋದ ಮೇಲೆ ನನ್ನ ಹಳೇ ಬರಹಗಳನ್ನು ಓದಿ ನಗು ಬಂತು, ಸ್ವಲ್ಪ ನಾಚಿಕೆಯೂ ಆಯ್ತು. ಯಾಕೆ ನಿಲ್ಲಿಸಿದ್ದೆ, ಯಾಕೆ ಮತ್ತೆ ಶುರು ಮಾಡಿದೆ ಅಂತ ಕ್ಲಬ್ಬಿನ ಗೆಳೆಯರು ಕೇಳ್ತಾನೇ ಇದ್ದಾರೆ. ಅದಕ್ಕೇ ಇದು.

ನಾನು ಕೆ.ಜಿ.ಎಫ್.ನವನು. ಸಿನಿಮಾದ ಕೆ.ಜಿ.ಎಫ್. ಅಲ್ಲ, ನಿಜವಾದದ್ದು. ಬೆಳಿಗ್ಗೆ ಊರಗಾಂ ಸ್ಟೇಷನ್ನಿನಲ್ಲಿ ಟ್ರೈನ್ ಹತ್ತಿದರೆ ಕೋರಮಂಡಲ್, ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರು. ಹೋಗ್ತಾ ಎರಡು ಗಂಟೆಗೂ ಹೆಚ್ಚು, ಬರ್ತಾ ಇನ್ನೂ ಹೆಚ್ಚು. ಸೀಟ್ ಸಿಕ್ಕರೆ ಓದು, ಸಿಗದಿದ್ದರೆ ಬಾಗಿಲ ಹತ್ತಿರ ನಿಂತು ಓದು. ನಾನು ಓದೋದು ಕಲಿತದ್ದು ಶಾಲೆಯಲ್ಲಿ, ಓದುಗನಾದದ್ದು ಟ್ರೈನಿನಲ್ಲಿ.

ಮೊದಲ ಸೆಮ್‌ನಲ್ಲಿ ಓದಿದ ಪುಸ್ತಕದ ಬಗ್ಗೆ ಬ್ಲಾಗಿನಲ್ಲಿ ಒಂದೊಂದು ಪುಟ ಬರೀತಿದ್ದೆ. ಓದೋರು ಹತ್ತು ಹನ್ನೆರಡು ಜನ. ಆಮೇಲೆ ಇನ್‌ಸ್ಟಾಗ್ರಾಮ್‌ಗೆ ಹೋದೆ. ಅಲ್ಲಿ ಒಂದು ಪುಟ ಯಾರಿಗೆ ಬೇಕು? ಮುಖಪುಟದ ಫೋಟೊ, ಮೂರು ಸಾಲು, ಐದು ಸ್ಟಾರ್. ಲೈಕ್ ಜಾಸ್ತಿ ಬಂದ ಹಾಗೆಲ್ಲ ಪುಸ್ತಕ ತೆಗೆಯೋದು ಓದೋದಕ್ಕಿಂತ ಫೋಟೊ ತೆಗೆಯೋದಕ್ಕೇ ಆಯ್ತು. ಒಮ್ಮೆ ಬಂಗಾರಪೇಟೆಯ ಬಣ್ಣವಿಲ್ಲದ ನೀರಿನ ಪಾನಿಪುರಿ ತಟ್ಟೆ ಪಕ್ಕ ಪುಸ್ತಕ ಇಟ್ಟು ಫೋಟೊ ಹಾಕಿದ್ದೆ. ಪಾನಿಪುರಿ ಯಾವ ಅಂಗಡಿದು ಅಂತ ಕೇಳಿದವರು ಇಪ್ಪತ್ತು ಜನ, ಪುಸ್ತಕದ ಬಗ್ಗೆ ಕೇಳಿದವರು ಸೊನ್ನೆ.

ಇಂಥದ್ದೇ ಒಂದು ದಿನ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹಿಡಿದುಕೊಂಡು ಮಾಲೂರು ಸ್ಟೇಷನ್ ಬೋರ್ಡ್ ಮುಂದೆ ಫೋಟೊ ತೆಗೆಸಿಕೊಂಡೆ. ಮಾಸ್ತಿ ಊರು ಇರೋದು ಮಾಲೂರು ತಾಲ್ಲೂಕಿನಲ್ಲೇ ಅಲ್ವಾ, ಅದಕ್ಕೆ. 1983ರ ಜ್ಞಾನಪೀಠ, ನಮ್ಮ ಜಿಲ್ಲೆಯ ಹೆಮ್ಮೆ, ಎಲ್ಲರೂ ಓದಲೇಬೇಕು ಅಂತೆಲ್ಲ ಬರೆದೆ. ನಾನು ಓದಿದ್ದು ನೂರಿಪ್ಪತ್ತು ಪುಟ.

ಎರಡು ವಾರ ಕಳೆದ ಮೇಲೆ ಕ್ಯಾಂಟೀನಿನಲ್ಲಿ ಒಬ್ಬಳು ಜೂನಿಯರ್ ಸಿಕ್ಕಳು. ನನ್ನ ಪೋಸ್ಟ್ ನೋಡಿ ಪುಸ್ತಕ ಕೊಂಡು, ಪೂರ್ತಿ ಓದಿಬಿಟ್ಟಿದ್ದಳು. “ಅಣ್ಣಾ, ಕೊನೇಲಿ ರಾಜನ ಮೇಲೆ ನಿಮಗೆ ಸಿಟ್ಟು ಬಂತಾ, ಪಾಪ ಅನ್ನಿಸ್ತಾ? ನಂಗೆ ಎರಡೂ ಆಯ್ತು” ಅಂದಳು. ನಾನು “ಹಾಂ, ಎರಡೂ” ಅಂದೆ. ಅವಳು ಇನ್ನೂ ಏನೋ ಕೇಳೋಕೆ ಹೊರಟಳು, ನಾನು ಇಂಟರ್ನಲ್ಸ್ ನೆಪ ಹೇಳಿ ಎದ್ದುಬಂದೆ. ಅವಳಿಗೆ ಗೊತ್ತಾಯ್ತೋ ಇಲ್ಲವೋ, ನನಗಂತೂ ಗೊತ್ತಿತ್ತು. ಆ ಸಂಜೆ ಕೆ.ಆರ್.ಪುರಂ ದಾಟೋಷ್ಟರಲ್ಲಿ ಆ್ಯಪ್ ಡಿಲೀಟ್ ಮಾಡಿದೆ. ಬ್ಲಾಗನ್ನೂ ಹಾಗೇ ಬಿಟ್ಟೆ.

ಇದರಿಂದ ನಾನು ದೊಡ್ಡ ಓದುಗನಾದೆ ಅಂದುಕೊಳ್ಳಬೇಡಿ. ಮೊದಲ ತಿಂಗಳು ಕೈ ಸುಮ್ಮನೆ ಜೇಬಿಗೆ ಹೋಗ್ತಿತ್ತು. ಪುಸ್ತಕ ತೆರೆದರೆ ಇದರಲ್ಲಿ ಪೋಸ್ಟ್ ಮಾಡೋಕೆ ಯಾವ ಸಾಲು ಚೆನ್ನಾಗಿದೆ ಅಂತ ಕಣ್ಣು ಹುಡುಕ್ತಿತ್ತು. ಬೇಜಾರಾಗಿ ಓದೋದನ್ನೇ ಬಿಟ್ಟೆ.

ಮತ್ತೆ ಶುರು ಮಾಡಿಸಿದ್ದು ನಮ್ಮ ತಾತ. ತಾತ ಗಣಿಯಲ್ಲಿ ಭೂಮಿಯೊಳಗೆ ಇಳಿದು ಕೆಲಸ ಮಾಡಿದವರು. ಅವರಪ್ಪನೂ ಅಲ್ಲೇ ಇದ್ದವರು, ಜಾನ್ ಟೇಲರ್ ಕಂಪನಿಯ ದೊರೆಗಳ ಕಾಲದಲ್ಲಿ. ನಮ್ಮ ಮನೆಮಾತು ತಮಿಳು. ತಾತನಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಒಂದು ರಾತ್ರಿ ಕರೆಂಟ್ ಹೋಗಿತ್ತು. ಮೂಲೆಯಲ್ಲಿ ಧೂಳು ಹಿಡಿದಿದ್ದ ಆ ದಪ್ಪ ಪುಸ್ತಕ ತೋರಿಸಿ ಇದೇನು ಕಥೆ ಅಂದರು. ಕೊಡಗಿನ ಕೊನೇ ರಾಜನ ಕಥೆ ಅಂದೆ. ಹೇಳು ಅಂದರು.

ಹೇಳ್ತಾ ಹೋದೆ. ರಾಜ, ಅವನ ಜೊತೆಗಾರ ಕುಂಟ ಬಸವ, ರಾಣಿ ಗೌರಮ್ಮ, ರಾಜ ತನ್ನ ತಂಗಿಯನ್ನೇ ಸೆರೆಯಲ್ಲಿಟ್ಟಿದ್ದು. ತಾತ ಒಂದೊಂದಕ್ಕೂ “ಅಪ್ಪುರಂ?” ಅನ್ನೋರು. ಅಂದರೆ, ಆಮೇಲೆ? ನೂರಿಪ್ಪತ್ತನೇ ಪುಟಕ್ಕೆ ನನ್ನ ಸರಕು ಮುಗೀತು. “ಅಪ್ಪುರಂ?” ಅಂದರು. “ಇನ್ನೂ ಓದಿಲ್ಲ ತಾತ” ಅಂದೆ. ಆ ಮಾತು ಕ್ಯಾಂಟೀನಿನಲ್ಲಿ ಬಾಯಿಗೆ ಬಂದಿರಲಿಲ್ಲ. ತಾತನ ಮುಂದೆ ಸಲೀಸಾಗಿ ಬಂತು.

ಆಮೇಲೆ ದಿನಾ ಟ್ರೈನಿನಲ್ಲಿ ಓದೋದು, ರಾತ್ರಿ ತಾತನಿಗೆ ತಮಿಳಲ್ಲಿ ಹೇಳೋದು. ಬೇರೆಯವರಿಗೆ ಹೇಳಬೇಕು ಅಂದಾಗ ಓದುವ ರೀತಿಯೇ ಬೇರೆ. ಯಾರು ಯಾರಿಗೆ ಏನಾಗಬೇಕು, ಯಾಕೆ ಹಾಗೆ ಮಾಡಿದ ಅನ್ನೋದು ತಲೆಯಲ್ಲಿ ಕೂರಲೇಬೇಕು. 1834ರಲ್ಲಿ ಇಂಗ್ಲಿಷರು ಕೊಡಗನ್ನು ತೆಗೆದುಕೊಂಡ ಭಾಗಕ್ಕೆ ಬಂದಾಗ ತಾತ ತುಂಬ ಹೊತ್ತು ಸುಮ್ಮನಿದ್ದರು. “ರಾಜ ಕೆಟ್ಟವನು, ಸರಿ. ದೊರೆಗಳನ್ನ ಒಳಗೆ ಕರೆದೋರು ಒಳ್ಳೇವ್ರಾ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮುಂದುವರಿಸಿದರು: “ಗಣಿ ಮುಚ್ಚಿದಾಗಲೂ ಹಿಂಗೇ ಕಣ್ಣಾ. ಯಾರ ಮೇಲೆ ಸಿಟ್ಟು ಮಾಡ್ಕೋಬೇಕು ಅಂತಾನೇ ಗೊತ್ತಾಗ್ಲಿಲ್ಲ.”

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾನಿನ್ನೂ ಹುಟ್ಟಿರಲಿಲ್ಲ. ತಾತ ಅದರ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊಡಗಿನ ರಾಜನ ಕಥೆ ಹೇಳೋಕೆ ಹೋಗಿ ನಮ್ಮ ಮನೆ ಕಥೆ ಕೇಳಿಸಿಕೊಂಡೆ. ಆ ಜೂನಿಯರ್ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ? ಸಿಟ್ಟಾ, ಪಾಪಾನಾ?

ಇನ್ನೊಂದು ವಿಷಯ. ಮಾಸ್ತಿಯವರ ಮನೆಮಾತೂ ತಮಿಳೇ. ಆ ಕಾದಂಬರಿ ಬಂದದ್ದು 1956ರಲ್ಲಿ. ಗಣಿಗಳು ದೊರೆಗಳ ಕೈ ತಪ್ಪಿ ಮೈಸೂರು ಸರ್ಕಾರಕ್ಕೆ ಬಂದದ್ದೂ ಅದೇ ವರ್ಷ. ಮನೆಯಲ್ಲಿ ತಮಿಳು ಮಾತಾಡೋ ನಾನು ಕನ್ನಡದಲ್ಲಿ ಬರೆದರೆ ಯಾರಾದರೂ ನಗ್ತಾರೇನೋ ಅಂತ ಮೊದಲಿಂದ ಒಂದು ಅಳುಕಿತ್ತು. ತಪ್ಪು ಮುಚ್ಚಿಕೊಳ್ಳೋಕೇ ಮೂರು ಸಾಲಿಗೆ ಇಳಿದಿದ್ದೆನೋ ಏನೋ. ಈಗ ಆ ಅಳುಕು ಪೂರ್ತಿ ಹೋಗಿಲ್ಲ, ಆದರೆ ಬರೆಯೋದನ್ನ ತಡೆಯೋಷ್ಟು ಇಲ್ಲ.

ಹಾಗಾಗಿ ಮತ್ತೆ ಬರೀತಿದ್ದೀನಿ. ಸ್ಟಾರ್ ಇಲ್ಲ, ಫೋಟೊ ಇಲ್ಲ. ಮುಗಿಸಿದ ಪುಸ್ತಕ ಮಾತ್ರ. ಮುಗಿಸದಿದ್ದರೆ ಎಲ್ಲಿಗೆ ನಿಲ್ಲಿಸಿದೆ, ಯಾಕೆ ಅಂತಲೂ ಬರೀತೀನಿ. ಮೊದಲ ಬರಹವನ್ನು ಆ ಜೂನಿಯರ್‌ಗೆ ಕಳಿಸಿ, ಅವತ್ತು ನಾನು ಓದಿರಲಿಲ್ಲ ಅಂತಲೂ ಹೇಳಿದೆ. “ಗೊತ್ತಿತ್ತು ಅಣ್ಣಾ” ಅಂತ ಉತ್ತರ ಬಂತು. ಜೊತೆಗೆ ಒಂದು ಸ್ಮೈಲಿ.

ಓದೋರು ಈಗಲೂ ಹತ್ತು ಹನ್ನೆರಡು ಜನವೇ. ತಾತನನ್ನ ಸೇರಿಸಿದರೆ ಹದಿಮೂರು. ನಿನ್ನೆ ರಾತ್ರಿ ಹೊಸ ಪುಸ್ತಕದ ಎರಡನೇ ಅಧ್ಯಾಯದ ತನಕ ಹೇಳಿದ್ದೀನಿ. ಇವತ್ತು ಟ್ರೈನಿನಲ್ಲಿ ಸೀಟ್ ಸಿಗಬೇಕು, ಇಲ್ಲದಿದ್ದರೆ ರಾತ್ರಿ ತಾತನಿಗೆ ಹೇಳೋಕೆ ಏನೂ ಇರಲ್ಲ.